ಬೆಸೆಯುವ ಬೆಂಕಿ, ಕಟ್ಟುವ ಬೆಂಕಿ: ವಿದ್ಯುತ್ ಚಾಪ ಬೆಸುಗೆಯಿಂದ ಲೋಹರೂಪಗಳ ಪದರನಿರ್ಮಾಣದವರೆಗೆ

1. ಪ್ರವೇಶ

ಲೋಹಕ್ಕೆ ರೂಪ ಕೊಡುವ ವಿಧಾನಗಳನ್ನು ಸ್ಥೂಲವಾಗಿ ನಾಲ್ಕು ಬಗೆಯಾಗಿ ವಿಂಗಡಿಸಬಹುದು. ಕಾಯಿಸಿ ಬಡಿಯುವುದು ಕಮ್ಮಾರನ ದಾರಿ. ಕರಗಿಸಿ ಅಚ್ಚಿಗೆ ಎರೆಯುವುದು ಕಂಚುಗಾರನ ದಾರಿ. ಗಟ್ಟಿಯಾದ ಲೋಹವನ್ನು ಕೊರೆದು, ಕತ್ತರಿಸಿ, ಬೇಡದ ಭಾಗವನ್ನು ತೆಗೆದುಹಾಕುವುದು ಲೇತ್ ಯಂತ್ರದ ದಾರಿ. ಬೇರೆ ಬೇರೆ ತುಂಡುಗಳನ್ನು ಒಂದಾಗಿಸುವುದು ಬೆಸುಗೆಯ ದಾರಿ. ಈ ನಾಲ್ಕರಲ್ಲಿ ಬೆಸುಗೆಗೆ ಬಹುಕಾಲ ದೊರೆತದ್ದು ಕೊನೆಯ ಸ್ಥಾನ. ಉಳಿದ ಮೂರು ವಿಧಾನಗಳು ವಸ್ತುವನ್ನು ಸೃಷ್ಟಿಸುತ್ತವೆ, ಬೆಸುಗೆಯಾದರೋ ಸೃಷ್ಟಿಯಾದುದನ್ನು ಜೋಡಿಸುತ್ತದೆ ಅಥವಾ ಮುರಿದುದನ್ನು ಸರಿಪಡಿಸುತ್ತದೆ ಎಂಬುದು ಸಾಮಾನ್ಯ ತಿಳಿವಳಿಕೆಯಾಗಿತ್ತು.

ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಈ ತಿಳಿವಳಿಕೆ ಬದಲಾಗತೊಡಗಿತು. ಗಣಕದ ಆದೇಶದಂತೆ ಚಲಿಸುವ ರೋಬಾಟ್ ತೋಳು ಲೋಹದ ತಂತಿಯನ್ನು ವಿದ್ಯುತ್ ಚಾಪದಲ್ಲಿ ಕರಗಿಸುತ್ತಾ, ಗೆರೆಯ ಮೇಲೆ ಗೆರೆ, ಪದರದ ಮೇಲೆ ಪದರ ಇಡುತ್ತಾ ಹೋಗಿ, ಅಚ್ಚಿಲ್ಲದೆ ಸುತ್ತಿಗೆಯಿಲ್ಲದೆ ಇಡೀ ವಸ್ತುವನ್ನೇ ಕಟ್ಟಬಲ್ಲದೆಂಬುದು ಸಿದ್ಧವಾಯಿತು. ಇಲ್ಲಿ ಬೆಸುಗೆಯು ಎರಡು ವಸ್ತುಗಳ ನಡುವಿನ ಗಂಟಾಗಿ ಉಳಿಯುವುದಿಲ್ಲ, ವಸ್ತುವಿನ ಮೈಯೆಲ್ಲವೂ ಬೆಸುಗೆಯೇ ಆಗಿರುತ್ತದೆ. ಈ ವಿಧಾನವನ್ನು ಕನ್ನಡದಲ್ಲಿ ತಂತಿ-ಚಾಪ ಪದರನಿರ್ಮಾಣ ಎಂದು ಕರೆಯಬಹುದು.

ಈ ವಿಧಾನ ಹುಟ್ಟಿ ಬೆಳೆದ ಬಗೆಯನ್ನು ಕಾಲಾನುಕ್ರಮದಲ್ಲಿ ಗುರುತಿಸುವುದು ಪ್ರಸ್ತುತ ಲೇಖನದ ಮೊದಲ ಉದ್ದೇಶ. ಕುಶಲಕರ್ಮಿಯ ಕೈಯಲ್ಲಿದ್ದ ತಿಳಿವು ಯಂತ್ರದ ತೋಳಿಗೆ ದಾಟುವಾಗ ಏನು ಉಳಿಯಿತು, ಏನು ಹೆಸರಿಲ್ಲದೆ ಹೋಯಿತು ಎಂಬುದನ್ನು ಜಾನಪದ ಅಧ್ಯಯನದ ದೃಷ್ಟಿಯಿಂದ ಪರಿಶೀಲಿಸುವುದು ಎರಡನೆಯ ಉದ್ದೇಶ. ಎರಡನೆಯ ಪ್ರಶ್ನೆಗೆ ಉತ್ತರ ದೊರೆಯಬೇಕಾದರೆ ಮೊದಲನೆಯದರ ವಿವರಗಳು ಅವಶ್ಯಕ.

2. ಬೆಸುಗೆ: ಪದ ಮತ್ತು ಪರಂಪರೆ

ಕನ್ನಡದ 'ಬೆಸೆ' ಎಂಬ ಕ್ರಿಯಾಪದ ಲೋಹಕ್ಕೂ ಮನಸ್ಸಿಗೂ ಸಮಾನವಾಗಿ ಸಲ್ಲುತ್ತದೆ. ಸರದ ಕೊಂಡಿಯನ್ನು ಬೆಸೆಯುವಂತೆಯೇ ಸ್ನೇಹವನ್ನೂ ಬೆಸೆಯಲಾಗುತ್ತದೆ. ಗಂಡಹೆಂಡಿರ ಬೆಸುಗೆ, ಊರಿನ ಬೆಸುಗೆ ಎಂಬ ಮಾತುಗಳು ಬಳಕೆಯಲ್ಲಿವೆ. ಆದರೆ ಈ ಒಂದೇ ಪದದ ಅಡಿಯಲ್ಲಿ ಎರಡು ಭಿನ್ನ ಕ್ರಿಯೆಗಳು ಸೇರಿವೆ ಎಂಬುದು ಗಮನಾರ್ಹ. ಅಕ್ಕಸಾಲಿಗನು ಎರಡು ತುಂಡುಗಳ ನಡುವೆ ಬೇಗ ಕರಗುವ ಮೂರನೆಯ ಮಿಶ್ರಲೋಹವೊಂದನ್ನು ಹರಿಸಿ ಬೆಸೆಯುತ್ತಾನೆ. ಕಮ್ಮಾರನು ಎರಡು ಕಬ್ಬಿಣದ ತುಂಡುಗಳನ್ನು ಬಿಳಿಗಾವಿಗೆ ತಂದು, ಮರಳನ್ನೋ ಬಿಳಿಗಾರವನ್ನೋ ಉದುರಿಸಿ ಮೇಲಿನ ಕಿಟ್ಟವನ್ನು ಕರಗಿಸಿ, ಬಡಿದು ಒಂದಾಗಿಸುತ್ತಾನೆ. ಮೊದಲನೆಯದರಲ್ಲಿ ಮೂರನೆಯದರ ಮಧ್ಯಸ್ಥಿಕೆ ಇದೆ, ಎರಡನೆಯದರಲ್ಲಿ ಇಲ್ಲ. ವಿದ್ಯುತ್ ಚಾಪದ ಬೆಸುಗೆಯಲ್ಲಿ ಈ ಎರಡೂ ಗುಣಗಳು ಕೂಡಿವೆ. ಹೊರಗಿನಿಂದ ತಂತಿಯ ರೂಪದಲ್ಲಿ ಲೋಹ ಬರುತ್ತದೆ, ಜೊತೆಗೆ ಕೆಳಗಿನ ಲೋಹವೂ ಕರಗಿ ಅದರೊಡನೆ ಒಂದಾಗುತ್ತದೆ.

ಸಣ್ಣ ತುಂಡುಗಳನ್ನು ಕೂಡಿಸುತ್ತಾ ದೊಡ್ಡದನ್ನು ಕಟ್ಟುವ ಕ್ರಮ ಭಾರತದ ಲೋಹಕಾರರಿಗೆ ಹೊಸದಲ್ಲ. ದೆಹಲಿಯ ಕುತುಬ್ ಆವರಣದಲ್ಲಿರುವ ಗುಪ್ತರ ಕಾಲದ ಕಬ್ಬಿಣದ ಸ್ತಂಭ 7 ಮೀಟರಿಗೂ ಹೆಚ್ಚು ಎತ್ತರವಿದ್ದು, 6 ಟನ್ನಿಗಿಂತ ಅಧಿಕ ತೂಕವುಳ್ಳದ್ದು. ಅಷ್ಟು ಕಬ್ಬಿಣವನ್ನು ಒಮ್ಮೆಗೇ ಕರಗಿಸಿ ಎರೆಯುವ ಕುಲುಮೆ ಆ ಕಾಲದಲ್ಲಿರಲಿಲ್ಲ. ಸಣ್ಣ ಕುಲುಮೆಗಳಲ್ಲಿ ದೊರೆತ ಕಬ್ಬಿಣದ ಮುದ್ದೆಗಳನ್ನು ಕಾಯಿಸಿ, ಒಂದಕ್ಕೊಂದು ಬಡಿದು ಸೇರಿಸಿ ಅದನ್ನು ಬೆಳೆಸಲಾಯಿತೆಂಬುದನ್ನು ಐಐಟಿ ಕಾನ್ಪುರದ ಆರ್. ಬಾಲಸುಬ್ರಮಣಿಯಂ ಮೊದಲಾದ ಲೋಹಶಾಸ್ತ್ರಜ್ಞರು ವಿವರಿಸಿದ್ದಾರೆ. ಶಿವಮೊಗ್ಗ ಜಿಲ್ಲೆಯ ಕೊಡಚಾದ್ರಿಯಲ್ಲಿ ಮೂಲ ಮೂಕಾಂಬಿಕೆಯ ಗುಡಿಯ ಮುಂದಿರುವ ಕಬ್ಬಿಣದ ಕಂಬವೂ ವಿದ್ವಾಂಸರ ಗಮನ ಸೆಳೆದಿದೆ. ಸ್ಥಳೀಯ ಐತಿಹ್ಯದ ಪ್ರಕಾರ ಅದು ದೇವಿ ಮೂಕಾಸುರನನ್ನು ಕೊಂದ ತ್ರಿಶೂಲ.

ಈ ಎರಡು ಕಂಬಗಳಿಗೆ ಸಂಬಂಧಿಸಿದ ಒಂದು ಸಂಗತಿಯನ್ನು ಇಲ್ಲಿಯೇ ಗುರುತಿಸಿಕೊಳ್ಳುವುದು ಸೂಕ್ತ. ದೆಹಲಿಯ ಸ್ತಂಭದ ಮೇಲಿನ ಸಂಸ್ಕೃತ ಶಾಸನ 'ಚಂದ್ರ'ನೆಂಬ ಅರಸನ ದಿಗ್ವಿಜಯವನ್ನು ಹೇಳುತ್ತದೆ, ಕಬ್ಬಿಣ ಬಡಿದವನನ್ನು ಹೆಸರಿಸುವುದಿಲ್ಲ. ಕೊಡಚಾದ್ರಿಯ ಐತಿಹ್ಯ ಕಂಬವನ್ನು ದೇವಿಗೆ ಒಪ್ಪಿಸುತ್ತದೆ, ಅಲ್ಲಿಯೂ ಕಮ್ಮಾರನಿಲ್ಲ. ಲಿಖಿತ ಪರಂಪರೆಯಾಗಲಿ ಮೌಖಿಕ ಪರಂಪರೆಯಾಗಲಿ ಕೈಯ ಒಡೆಯನನ್ನು ನೆನಪಿನಲ್ಲಿಟ್ಟುಕೊಂಡಿಲ್ಲ. ಮುಂದಿನ ಚರಿತ್ರೆಯಲ್ಲಿಯೂ ಈ ಮರೆವು ಬೇರೆ ಬೇರೆ ರೂಪಗಳಲ್ಲಿ ಮರುಕಳಿಸುತ್ತದೆ.

3. ಹೊಸ ಬೆಂಕಿ ಮತ್ತು ಹಳೆಯ ದೇವತೆ

1800ರಲ್ಲಿ ಇಟಲಿಯ ಅಲೆಸ್ಸಾಂಡ್ರೊ ವೋಲ್ಟಾ ವಿದ್ಯುತ್ಕೋಶವನ್ನು ಪ್ರಕಟಿಸಿದ ಮೇಲೆ ನಿರಂತರವಾಗಿ ಹರಿಯುವ ವಿದ್ಯುತ್ತು ವಿಜ್ಞಾನಿಗಳ ಕೈಗೆ ಸಿಕ್ಕಿತು. 1802ರಲ್ಲಿ ರಷ್ಯದ ವಾಸಿಲಿ ಪೆಟ್ರೋವ್, ಅದೇ ದಶಕದಲ್ಲಿ ಇಂಗ್ಲೆಂಡಿನ ಹಂಫ್ರಿ ಡೇವಿ, ಎರಡು ಇದ್ದಿಲು ಕಡ್ಡಿಗಳ ನಡುವೆ ಉರಿಯುವ ಪ್ರಖರ ಬೆಳಕನ್ನು ಕಂಡರು. ಅಡ್ಡಲಾಗಿ ಹಿಡಿದ ಕಡ್ಡಿಗಳ ನಡುವೆ ಬಿಸಿಗಾಳಿ ಮೇಲೇಳುವುದರಿಂದ ಆ ಜ್ವಾಲೆ ಬಿಲ್ಲಿನಂತೆ ಬಾಗುತ್ತಿತ್ತು. 'ಆರ್ಕ್', ಅಂದರೆ ಚಾಪ, ಎಂಬ ಹೆಸರು ಬಂದದ್ದು ಇದರಿಂದ. ಉಕ್ಕು ಕರಗಲು ಸುಮಾರು 1,500 ಡಿಗ್ರಿ ಸೆಲ್ಸಿಯಸ್ ಸಾಕು. ಬೆಸುಗೆಯ ಚಾಪದ ನಡುವಿನ ತಾಪ 6,000 ಡಿಗ್ರಿಯನ್ನು ದಾಟಬಲ್ಲದು. ಆದರೂ ಬಹುಕಾಲ ಅದನ್ನು ಬೆಳಕಿಗಾಗಿ ಬಳಸಲಾಯಿತೇ ಹೊರತು ಬೆಂಕಿಯಾಗಿ ಬಳಸಿದವರು ವಿರಳ.

1881ರಲ್ಲಿ ಫ್ರಾನ್ಸಿನ ಒಗುಸ್ತ್ ದ ಮೆರಿತಾಂ ಬ್ಯಾಟರಿಗಳ ಸೀಸದ ಫಲಕಗಳನ್ನು ಚಾಪದಿಂದ ಬೆಸೆದನು. ಅದೇ ಕಾಲದಲ್ಲಿ ನಿಕೊಲಾಯ್ ಬೆನಾರ್ಡೋಸ್, ಇದ್ದಿಲು ಕಡ್ಡಿಯನ್ನು ಕೈಹಿಡಿಕೆಯಲ್ಲಿ ಹಿಡಿದು ಲೋಹವನ್ನು ಬೆಸೆಯುವ ವಿಧಾನವನ್ನು ರೂಪಿಸಿ, ಸ್ಟಾನಿಸ್ಲಾವ್ ಓಲ್ಶೆವ್ಸ್ಕಿಯೊಡನೆ 1885ರಿಂದ ಹಲವು ದೇಶಗಳಲ್ಲಿ ಪೇಟೆಂಟ್ ಪಡೆದನು. ಈ ವಿಧಾನಕ್ಕೆ ಅವನು ಇಟ್ಟ ಹೆಸರು 'ಎಲೆಕ್ಟ್ರೊಗೆಫೆಸ್ಟ್'. ಗೆಫೆಸ್ಟ್ ಎಂಬುದು ಗ್ರೀಕರ ಕಮ್ಮಾರ ದೇವತೆ ಹೆಫೈಸ್ಟಸನ ಹೆಸರಿನ ರಷ್ಯನ್ ರೂಪ. ಹೊಸ ಶೋಧಕ್ಕೆ ಪುರಾಣದ ಹೆಸರು ಬಂದದ್ದು ಕೇವಲ ಅಲಂಕಾರಕ್ಕಲ್ಲ. ಕಾಲು ಊನವಾದ ಹೆಫೈಸ್ಟಸ್ ತನ್ನಷ್ಟಕ್ಕೆ ತಾನೇ ಚಲಿಸುವ ಮುಕ್ಕಾಲಿಗಳನ್ನೂ ತನಗೆ ಆಸರೆಯಾಗುವ ಚಿನ್ನದ ದಾಸಿಯರನ್ನೂ ಕುಲುಮೆಯಲ್ಲಿ ರಚಿಸಿಕೊಂಡಿದ್ದನೆಂಬ ಕಥೆ ಹೋಮರನ 'ಇಲಿಯಡ್'ನ ಹದಿನೆಂಟನೆಯ ಸರ್ಗದಲ್ಲಿದೆ. ಬೆಂಕಿಯ ಕೆಲಸ ಮತ್ತು ತಾನೇ ದುಡಿಯುವ ಯಂತ್ರ, ಇವೆರಡೂ ಒಬ್ಬನೇ ದೇವತೆಯ ಸುತ್ತ ನೆಲೆಗೊಂಡಿರುವುದು ಜಾನಪದ ಆಶಯಗಳ ಅಭ್ಯಾಸಿಗಳಿಗೆ ಕುತೂಹಲದ ಸಂಗತಿ. ಬೆನಾರ್ಡೋಸ್ ತನ್ನ ಶೋಧಕ್ಕೆ ಆರಿಸಿದ ಹೆಸರಿನಲ್ಲಿ ಮುಂದಿನ ನೂರು ವರ್ಷಗಳ ದಿಕ್ಕು ಅವನಿಗರಿವಿಲ್ಲದೆಯೇ ಸೂಚಿತವಾಗಿತ್ತು.

ಬೆನಾರ್ಡೋಸನ ವಿಧಾನದಲ್ಲಿ ಇದ್ದಿಲು ಕಡ್ಡಿ ಬಿಸಿಯನ್ನು ಮಾತ್ರ ಕೊಡುತ್ತಿತ್ತು. 1888ರಲ್ಲಿ ಪೆರ್ಮ್ ನಗರದ ಫಿರಂಗಿ ಕಾರ್ಖಾನೆಯ ಎಂಜಿನಿಯರ್ ನಿಕೊಲಾಯ್ ಸ್ಲಾವ್ಯಾನೋವ್ ಇದ್ದಿಲಿನ ಬದಲು ಲೋಹದ ಕಡ್ಡಿಯನ್ನೇ ಬಳಸಿದನು. ಚಾಪದ ಬಿಸಿಗೆ ಆ ಕಡ್ಡಿಯೇ ಕರಗಿ ತೊಟ್ಟಿಕ್ಕಿ ಬೆಸುಗೆಯ ಲೋಹವಾಗುತ್ತಿತ್ತು. ಇಂದು ಕರ್ನಾಟಕದ ಯಾವುದೇ ಪಟ್ಟಣದ ವೆಲ್ಡಿಂಗ್ ಅಂಗಡಿಯಲ್ಲಿ 'ರಾಡ್' ಎಂದು ಕರೆಯಲಾಗುವ ವಸ್ತುವಿನ ಪೂರ್ವರೂಪ ಇದು. ಸ್ಲಾವ್ಯಾನೋವ್ ತನ್ನ ವಿಧಾನವನ್ನು ಬೆಸುಗೆ ಎನ್ನದೆ 'ಲೋಹಗಳ ವಿದ್ಯುತ್ ಎರಕ' ಎಂದು ಕರೆದನು. ಅವನ ದೃಷ್ಟಿಯಲ್ಲಿ ಅದು ತೊಟ್ಟುತೊಟ್ಟಾಗಿ ಎರೆಯುವ ಕ್ರಿಯೆ. ಎರಕವೆಂದರೆ ಒಮ್ಮೆಗೇ ಹೊಯ್ಯುವುದು ಎಂಬ ರೂಢಿಯನ್ನು ಈ ಹೆಸರು ಸಡಿಲಿಸಿತು.

1893ರಲ್ಲಿ ಷಿಕಾಗೋ ನಗರದ ವಿಶ್ವ ಪ್ರದರ್ಶನದಲ್ಲಿ ಸ್ಲಾವ್ಯಾನೋವನ ಕೃತಿಯೊಂದು ಬಹುಮಾನ ಪಡೆಯಿತು. ಉಕ್ಕು, ಎರಕದ ಕಬ್ಬಿಣ, ತಾಮ್ರ, ನಿಕಲ್, ಕಂಚು ಮೊದಲಾದ ಎಂಟು ಲೋಹ ಹಾಗೂ ಮಿಶ್ರಲೋಹಗಳನ್ನು ಚಾಪದಿಂದ ಒಂದರ ಮೇಲೊಂದು ಕೂಡಿಸಿ, ಅನಂತರ ಯಂತ್ರದಲ್ಲಿ ಕೊರೆದು ನುಣುಪುಗೊಳಿಸಿದ ಲೋಟ ಅದು. ಒಂದಕ್ಕೊಂದು ಒಗ್ಗದ ಲೋಹಗಳೂ ಬೆಸೆದುಕೊಳ್ಳಬಲ್ಲವು ಎಂಬುದನ್ನು ತೋರಿಸುವುದು ಅದರ ಉದ್ದೇಶವಾಗಿತ್ತು. ಆದರೆ ಇಂದಿನ ಕಣ್ಣಿಗೆ ಅದರಲ್ಲಿ ಇನ್ನೊಂದು ಅಂಶವೂ ಕಾಣುತ್ತದೆ. ಪದರಗಳನ್ನು ಕೂಡಿಸಿ ಸ್ಥೂಲರೂಪವನ್ನು ಕಟ್ಟುವುದು, ಆಮೇಲೆ ಮೇಲ್ಮೈಯನ್ನು ಕೊರೆದು ನಿಖರಗೊಳಿಸುವುದು, ಈ ಎರಡು ಹಂತಗಳ ಕ್ರಮವೇ ಇಂದಿನ ಪದರನಿರ್ಮಾಣದ ಕ್ರಮವೂ ಹೌದು.

4. 1920: ಒಂದು ಪೇಟೆಂಟ್, ಒಂದು ನಾಟಕ

ಚಾಪದಿಂದ ಜೋಡಿಸುವುದನ್ನು ಬಿಟ್ಟು ವಸ್ತುವನ್ನೇ ಕಟ್ಟಬಹುದೆಂಬುದನ್ನು ದಾಖಲೆಯ ರೂಪದಲ್ಲಿ ಸ್ಪಷ್ಟವಾಗಿ ಹೇಳಿದವನು ಅಮೆರಿಕದ ವೆಸ್ಟಿಂಗ್‌ಹೌಸ್ ಸಂಸ್ಥೆಯ ರಾಲ್ಫ್ ಬೇಕರ್. ಅವನು 1920ರಲ್ಲಿ ಸಲ್ಲಿಸಿದ ಅರ್ಜಿಗೆ 1925ರಲ್ಲಿ ಪೇಟೆಂಟ್ ದೊರೆಯಿತು. ಕರಗುವ ಕಡ್ಡಿಯನ್ನು ಚಾಪದಲ್ಲಿ ಉರಿಸುತ್ತಾ, ಲೋಹವನ್ನು ಪದರಪದರವಾಗಿ ಪೇರಿಸಿ, ಪಾತ್ರೆಯಂಥ ಅಲಂಕಾರ ವಸ್ತುಗಳನ್ನು ರಚಿಸುವ ವಿಧಾನ ಅದರಲ್ಲಿತ್ತು. ಈಗ ಹಡಗು, ವಿಮಾನ, ರಾಕೆಟ್‌ಗಳಿಗೆ ಭಾಗಗಳನ್ನು ಒದಗಿಸುತ್ತಿರುವ ತಂತ್ರದ ಮೊದಲ ಪೇಟೆಂಟ್‌ಗಳಲ್ಲೊಂದು ಅಲಂಕಾರ ವಸ್ತುಗಳಿಗೆ ಸಂಬಂಧಿಸಿದ್ದೆಂಬುದು ಕರಕುಶಲ ಕಲೆಗಳ ಚರಿತ್ರೆಯಲ್ಲಿ ಅಪರೂಪದ ಸಂಗತಿಯಲ್ಲ. ಉಪಯೋಗದ ಒತ್ತಡ ಕಡಿಮೆಯಿರುವ ಕಡೆ ಪ್ರಯೋಗಕ್ಕೆ ಅವಕಾಶ ಹೆಚ್ಚು.

ಅದೇ 1920ರಲ್ಲಿ ಚೆಕ್ ಲೇಖಕ ಕಾರೆಲ್ ಚಾಪೆಕ್ 'ಆರ್.ಯು.ಆರ್.' ಎಂಬ ನಾಟಕವನ್ನು ಪ್ರಕಟಿಸಿದನು. 'ರೋಬಾಟ್' ಎಂಬ ಪದ ಲೋಕಕ್ಕೆ ಬಂದದ್ದು ಈ ನಾಟಕದ ಮೂಲಕ. ಪದವನ್ನು ಸೂಚಿಸಿದವನು ಅವನ ಅಣ್ಣ ಯೋಸೆಫ್. ಚೆಕ್ ಭಾಷೆಯ 'ರೊಬೊಟಾ' ಎಂದರೆ ಒಡೆಯನಿಗೆ ಕೂಲಿಯಿಲ್ಲದೆ ಮಾಡಬೇಕಾದ ದುಡಿಮೆ, ಅಂದರೆ ಕನ್ನಡದ ಬಿಟ್ಟಿ. ಬೇಕರನ ಪೇಟೆಂಟಿಗೂ ಚಾಪೆಕ್‌ನ ನಾಟಕಕ್ಕೂ ಯಾವ ಸಂಬಂಧವೂ ಇರಲಿಲ್ಲ. ಆದರೂ ಚಾಪದಿಂದ ಕಟ್ಟುವ ಕಲ್ಪನೆ ಮತ್ತು ಬಿಟ್ಟಿ ದುಡಿಯುವ ಯಂತ್ರದ ಹೆಸರು ಒಂದೇ ವರ್ಷ ದಾಖಲಾಗಿ, ಅವೆರಡೂ ಒಂದೆಡೆ ಕೂಡಲು ಹಲವು ದಶಕಗಳು ಬೇಕಾದವು.

ಈ ವಿಳಂಬಕ್ಕೆ ಕಾರಣಗಳು ಸ್ಪಷ್ಟ. ಕೈಯಲ್ಲಿ ಹಿಡಿಯುವ ಕಡ್ಡಿ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ, ಪ್ರತಿ ಬಾರಿಯೂ ಕೆಲಸ ನಿಲ್ಲಿಸಿ ಹೊಸದನ್ನು ಸಿಕ್ಕಿಸಬೇಕು. 1904ರಲ್ಲಿ ಸ್ವೀಡನ್ನಿನ ಆಸ್ಕರ್ ಶೆಲ್‌ಬೆರ್ಗ್ ರೂಪಿಸಿದ ಲೇಪನವುಳ್ಳ ಕಡ್ಡಿಯಿಂದ ಬೆಸುಗೆಯ ಗುಣಮಟ್ಟ ಸುಧಾರಿಸಿತು, ಆದರೆ ಲೇಪನ ಉರಿದು ಉಳಿಯುವ ಕಿಟ್ಟವನ್ನು ಪ್ರತಿ ಪದರದ ಮೇಲಿಂದ ಕೆತ್ತಿ ತೆಗೆಯಬೇಕಾಗುತ್ತಿತ್ತು. ನೂರಾರು ಪದರಗಳ ವಸ್ತುವನ್ನು ಹೀಗೆ ಕಟ್ಟುವುದು ದುಬಾರಿಯ ಕೆಲಸ.

ಇದರ ಜೊತೆಗೆ ಬೆಸುಗೆಯ ಬಗೆಗೆ ಅಪನಂಬಿಕೆಯೂ ಇತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಹಡಗುಕಟ್ಟೆಗಳು ರಿವೆಟ್ ಹೊಡೆಯುವುದನ್ನು ಬಿಟ್ಟು ಬೆಸುಗೆಯಿಂದ ಹಡಗುಗಳನ್ನು ಕಟ್ಟತೊಡಗಿದವು. ಆ ಕೆಲಸಕ್ಕೆ ಮಹಿಳೆಯರೂ ದೊಡ್ಡ ಸಂಖ್ಯೆಯಲ್ಲಿ ತರಬೇತಿ ಪಡೆದರು. 1943ರ ಜನವರಿಯಲ್ಲಿ 'ಷೆನೆಕ್ಟಡಿ' ಎಂಬ ಹೊಸ ತೈಲವಾಹಕ ಹಡಗು ಪೋರ್ಟ್‌ಲ್ಯಾಂಡ್ ಬಳಿ ಶಾಂತವಾದ ನೀರಿನಲ್ಲಿ ನಿಂತಿದ್ದಾಗಲೇ ನಡುವೆ ಸೀಳಿತು. ಮೊದಲು ಬೆಸುಗೆಗಾರರ ಕೈಯನ್ನು ದೂರಲಾಯಿತು. ಆದರೆ ಇಂಥ ಹಡಗುಗಳ ಉಕ್ಕನ್ನು ಪರೀಕ್ಷಿಸಿದ ಕೇಂಬ್ರಿಜ್‌ನ ಕಾನ್‌ಸ್ಟನ್ಸ್ ಟಿಪ್ಪರ್, ತಂಪು ಹೆಚ್ಚಿದಾಗ ಆ ಉಕ್ಕೇ ಗಾಜಿನಂತೆ ಪೆಡಸಾಗುತ್ತಿತ್ತೆಂಬುದನ್ನು ತೋರಿಸಿಕೊಟ್ಟಳು. ರಿವೆಟ್ ಹೊಡೆದ ಹಡಗಿನಲ್ಲಿ ಬಿರುಕು ಹಲಗೆಯ ಅಂಚಿಗೆ ನಿಲ್ಲುತ್ತಿತ್ತು, ಬೆಸೆದ ಹಡಗು ಒಂದೇ ಮೈಯಾದುದರಿಂದ ನಿಲ್ಲದೆ ಓಡುತ್ತಿತ್ತು. ಒಂದೇ ಮೈಯಾಗುವುದು ಬೆಸುಗೆಯ ಶಕ್ತಿಯಾಗಿರುವಂತೆ ಅಪಾಯವೂ ಆಗಬಲ್ಲದೆಂಬ ಈ ಪಾಠ ಮುಂದಿನ ಪದರನಿರ್ಮಾಣಕಾರರಿಗೂ ಅನ್ವಯಿಸುತ್ತದೆ.

5. ತಂತಿ ಮತ್ತು ತೋಳು

1948ರಲ್ಲಿ ಅಮೆರಿಕದ ಬ್ಯಾಟೆಲ್ ಸಂಶೋಧನಾ ಸಂಸ್ಥೆಯಲ್ಲಿ, ಸುರುಳಿಯಿಂದ ಎಡೆಬಿಡದೆ ಬರುವ ತೆಳುತಂತಿಯನ್ನೇ ಕಡ್ಡಿಯಾಗಿಸಿ, ಸುತ್ತಲೂ ಜಡಾನಿಲವನ್ನು ಹರಿಸಿ ಗಾಳಿಯನ್ನು ತಡೆಯುವ ಬೆಸುಗೆ ಕ್ರಮ ಸಿದ್ಧವಾಯಿತು. ಕಡ್ಡಿ ಮುಗಿಯುವ ತೊಂದರೆ ಇದರಿಂದ ತಪ್ಪಿತು, ಪದರಗಳ ನಡುವಿನ ಕಿಟ್ಟದ ಸಮಸ್ಯೆಯೂ ಬಹುಮಟ್ಟಿಗೆ ನೀಗಿತು. ಇನ್ನು ಬೇಕಾಗಿದ್ದುದು ದಣಿಯದ ಕೈ.

ಜಾರ್ಜ್ ಡೆವೋಲ್ ಮತ್ತು ಜೋಸೆಫ್ ಎಂಗೆಲ್‌ಬರ್ಗರ್ ಇವರ 'ಯೂನಿಮೇಟ್' ರೋಬಾಟ್ 1961ರಲ್ಲಿ ನ್ಯೂಜರ್ಸಿಯ ಜನರಲ್ ಮೋಟಾರ್ಸ್ ಕಾರ್ಖಾನೆಯಲ್ಲಿ ಬಿಸಿ ಎರಕದ ತುಂಡುಗಳನ್ನು ಎತ್ತಿಡುವ ಕೆಲಸಕ್ಕೆ ನಿಂತಿತು. ಅದೇ ದಶಕದಲ್ಲಿ ನಾರ್ವೆಯ ಟ್ರಾಲ್‌ಫಾ ಸಂಸ್ಥೆ ತಾನು ತಯಾರಿಸುತ್ತಿದ್ದ ಕೈಬಂಡಿಗಳಿಗೆ ಬಣ್ಣ ಸಿಂಪಡಿಸಲು ರೋಬಾಟನ್ನು ರೂಪಿಸಿತು. ಅದಕ್ಕೆ ಕೆಲಸ ಕಲಿಸುತ್ತಿದ್ದ ಬಗೆ ಉಲ್ಲೇಖನೀಯ. ನುರಿತ ಬಣ್ಣಗಾರನೊಬ್ಬ ಯಂತ್ರದ ತೋಳನ್ನು ಹಿಡಿದು ತಾನು ಎಂದಿನಂತೆ ಬಣ್ಣ ಬಳಿಯುವಾಗ ಕೈ ಹೋಗುವ ದಾರಿಯಲ್ಲೇ ಅದನ್ನು ಒಯ್ಯುತ್ತಿದ್ದ. ಯಂತ್ರ ಆ ಚಲನೆಯನ್ನು ದಾಖಲಿಸಿಕೊಂಡು ಅನಂತರ ಪುನರಾವರ್ತಿಸುತ್ತಿತ್ತು. ಅಕ್ಷರ ಕಲಿಯುವ ಮಗುವಿನ ಕೈಹಿಡಿದು ಮರಳಿನ ಮೇಲೆ ತಿದ್ದಿಸುವ ಕ್ರಮಕ್ಕೂ ಇದಕ್ಕೂ ಹೋಲಿಕೆಯಿದೆ. ವ್ಯತ್ಯಾಸವೆಂದರೆ ಇಲ್ಲಿ ಕಲಿತದ್ದನ್ನು ಎಷ್ಟು ಯಂತ್ರಗಳಿಗಾದರೂ ನಕಲು ಮಾಡಬಹುದಾಗಿತ್ತು, ಕಲಿಸಿದವನ ಅಗತ್ಯ ಅಲ್ಲಿಗೆ ಮುಗಿಯುತ್ತಿತ್ತು.

1974ರಲ್ಲಿ ಸ್ವೀಡನ್ನಿನ ಅಸೇಯಾ ಸಂಸ್ಥೆ ಪೂರ್ಣವಾಗಿ ವಿದ್ಯುತ್ತಿನಿಂದ ಚಲಿಸುವ, ಮೈಕ್ರೊಪ್ರೊಸೆಸರ್ ನಿಯಂತ್ರಿತ ರೋಬಾಟನ್ನು ಹೊರತಂದ ಮೇಲೆ ಚಾಪ ಬೆಸುಗೆಗೆ ಬೇಕಾದ ನಯವಾದ ಚಲನೆ ಸಾಧ್ಯವಾಯಿತು. ಜರ್ಮನಿಯ ಉಕ್ಕಿನ ಸಂಸ್ಥೆಗಳು 1970-80ರ ದಶಕಗಳಲ್ಲಿ ಟನ್ನುಗಟ್ಟಲೆ ತೂಕದ ಒತ್ತಡಪಾತ್ರೆಗಳನ್ನು ಬೆಸುಗೆಯ ಲೋಹದಿಂದಲೇ ಕಟ್ಟಿದವು. ಅಮೆರಿಕದ ಬ್ಯಾಬ್ಕಾಕ್ ಆ್ಯಂಡ್ ವಿಲ್ಕಾಕ್ಸ್ ಸಂಸ್ಥೆ ಇಂಥ ಕೆಲಸಕ್ಕೆ ರೋಬಾಟನ್ನು ಬಳಸಿತು. 1984ರಲ್ಲಿ ಚಾರ್ಲ್ಸ್ ಹಲ್ ದ್ರವರೂಪದ ರಾಳವನ್ನು ಬೆಳಕಿನಿಂದ ಪದರಪದರವಾಗಿ ಗಟ್ಟಿಗೊಳಿಸುವ ವಿಧಾನಕ್ಕೆ ಪೇಟೆಂಟ್ ಅರ್ಜಿ ಸಲ್ಲಿಸಿದ ತರುವಾಯ, ಗಣಕದ ಚಿತ್ರವನ್ನು ತೆಳು ಪದರಗಳಾಗಿ ಸೀಳಿ ಯಂತ್ರಕ್ಕೆ ಒಪ್ಪಿಸುವ ಕ್ರಮವೂ ಬೆಳೆಯಿತು. ಹೀಗೆ ತಂತಿ, ತೋಳು, ಗಣಕಚಿತ್ರ ಎಂಬ ಮೂರು ಪ್ರತ್ಯೇಕ ಧಾರೆಗಳು ಕೂಡುವ ಕಾಲ ಬಂತು.

6. ವಿಧಾನದ ಸ್ವರೂಪ

ಈ ಧಾರೆಗಳು ಕೂಡಿದ ಮುಖ್ಯ ಸ್ಥಳಗಳಲ್ಲೊಂದು ಇಂಗ್ಲೆಂಡಿನ ಕ್ರಾನ್‌ಫೀಲ್ಡ್ ವಿಶ್ವವಿದ್ಯಾಲಯ. 1990ರ ದಶಕದಲ್ಲಿ ವಿಮಾನ ಎಂಜಿನ್ ತಯಾರಕರ ಆಸಕ್ತಿಯಿಂದ ಆರಂಭವಾದ ಪ್ರಯೋಗಗಳು, 2000ದ ನಂತರ ಸ್ಟೂವರ್ಟ್ ವಿಲಿಯಮ್ಸ್ ಅವರ ನೇತೃತ್ವದಲ್ಲಿ ವ್ಯವಸ್ಥಿತ ಶಾಸ್ತ್ರವಾಗಿ ಬೆಳೆದವು. ಇದರ ಹಿಂದಿನ ಆರ್ಥಿಕ ಕಾರಣ ಸರಳವಾದುದು. ವಿಮಾನದ ಟೈಟಾನಿಯಂ ಭಾಗವೊಂದನ್ನು ಗಟ್ಟಿಯಿಂದ ಕೊರೆದು ತೆಗೆಯುವಾಗ 1 ಕಿಲೋಗ್ರಾಂ ಭಾಗಕ್ಕಾಗಿ 10 ಕಿಲೋಗ್ರಾಂ ಅಥವಾ ಅದಕ್ಕೂ ಹೆಚ್ಚು ಲೋಹವನ್ನು ಕೊಳ್ಳಬೇಕಾಗುವುದುಂಟು. ಉಳಿದದ್ದು ಪುಡಿಯಾಗಿ ಉದುರುತ್ತದೆ. ಬೇಕಾದಷ್ಟನ್ನೇ ಕೂಡಿಸುತ್ತಾ ಹೋದರೆ ಈ ನಷ್ಟ ಬಹಳಷ್ಟು ಕಡಿಮೆಯಾಗುತ್ತದೆ.

ಈ ಕೆಲಸದಲ್ಲಿ ಬಳಕೆಯಾಗುವ ತಂತಿ ಸಾಮಾನ್ಯವಾಗಿ 1 ಮಿಲಿಮೀಟರಿನ ಆಸುಪಾಸಿನ ದಪ್ಪದ್ದು. ಪ್ರತಿ ಪದರದ ಎತ್ತರ 1ರಿಂದ 3 ಮಿಲಿಮೀಟರ್. ಗಂಟೆಗೆ ಕೆಲವು ಕಿಲೋಗ್ರಾಂ ಲೋಹವನ್ನು ಕೂಡಿಸಬಹುದು. ಲೋಹದ ಪುಡಿಯನ್ನು ಲೇಸರ್ ಕಿರಣದಿಂದ ಕರಗಿಸುವ ವಿಧಾನಕ್ಕಿಂತ ಇದು ಎಷ್ಟೋ ಪಟ್ಟು ವೇಗವಾದುದು, ಆದರೆ ಅಷ್ಟು ಸೂಕ್ಷ್ಮವಾದುದಲ್ಲ. ಗೋಡೆಯ ಮೈ ಅಲೆಅಲೆಯಾಗಿರುತ್ತದೆ, ನಿಖರತೆ ಬೇಕಾದ ಕಡೆ ಕೊನೆಯಲ್ಲಿ ಕೊರೆಯಲೇಬೇಕು.

ಇಲ್ಲಿನ ಮುಖ್ಯ ಕಷ್ಟ ಬಿಸಿಯದು. ಹೊಸ ಪದರ ಬೀಳುವಾಗ ಕೆಳಗಿನದು ಇನ್ನೂ ತೀರ ಬಿಸಿಯಾಗಿದ್ದರೆ ಲೋಹ ಜಾರಿ ಗೋಡೆ ಕುಸಿಯುತ್ತದೆ. ಕಾಯುತ್ತಾ ಕುಳಿತರೆ ಕೆಲಸ ಸಾಗುವುದಿಲ್ಲ. ಆರುವ ಲೋಹ ಕುಗ್ಗುತ್ತಾ ಕೆಳಗಿನ ಲೋಹವನ್ನು ಸೆಳೆಯುವುದರಿಂದ ಇಡೀ ವಸ್ತು ಬಾಗಬಹುದು. ಬಿಸಿ ಕೆಳಮುಖವಾಗಿ ಹರಿದುಹೋಗುವುದರಿಂದ ಟೈಟಾನಿಯಂನಂಥ ಲೋಹಗಳ ಕಣಗಳು ಮೇಲ್ಮುಖವಾಗಿ ಕಂಬಗಳಂತೆ ಬೆಳೆದು, ವಸ್ತುವಿನ ಬಲ ಒಂದು ದಿಕ್ಕಿನಲ್ಲಿ ಒಂದು ಬಗೆ, ಇನ್ನೊಂದು ದಿಕ್ಕಿನಲ್ಲಿ ಇನ್ನೊಂದು ಬಗೆ ಆಗಬಹುದು. ಇದಕ್ಕೆ ಕ್ರಾನ್‌ಫೀಲ್ಡ್‌ನ ಸಂಶೋಧಕರು ಕಂಡುಕೊಂಡ ಪರಿಹಾರಗಳಲ್ಲಿ ಒಂದು, ಪ್ರತಿ ಪದರವನ್ನು ಇಟ್ಟ ಮೇಲೆ ಅದರ ಮೇಲೆ ಭಾರವಾದ ಉರುಳೆಯನ್ನು ಉರುಳಿಸಿ ಒತ್ತುವುದು. ಒತ್ತಡದಿಂದ ಸೆಳೆತ ತಗ್ಗಿ ಕಣಗಳು ಸಣ್ಣದಾಗುತ್ತವೆ. ಕೂಡಿಸುವ ಬೆಂಕಿಗೆ ಒತ್ತುವ ಭಾರವನ್ನು ಸೇರಿಸಿದ ಈ ಕ್ರಮದಲ್ಲಿ, ಕಮ್ಮಾರನು ಸುತ್ತಿಗೆಯಿಂದ ಮಾಡುತ್ತಿದ್ದ ಕೆಲಸ ಬೇರೊಂದು ರೂಪದಲ್ಲಿ ಮರಳಿ ಬಂದಿದೆ.

ಭಾರತದಲ್ಲಿಯೂ ಈ ದಿಕ್ಕಿನ ಕೆಲಸ ನಡೆದಿದೆ. ಐಐಟಿ ಬಾಂಬೆಯ ಕೆ.ಪಿ. ಕರುಣಾಕರನ್ ಮತ್ತು ಸಂಗಡಿಗರು ಈಗಾಗಲೇ ಇರುವ ಗಣಕನಿಯಂತ್ರಿತ ಮಿಲ್ಲಿಂಗ್ ಯಂತ್ರಕ್ಕೇ ಬೆಸುಗೆಯ ಉಪಕರಣವನ್ನು ಜೋಡಿಸಿ, ಕೂಡಿಸುವುದನ್ನೂ ಕೊರೆಯುವುದನ್ನೂ ಒಂದೆಡೆ ತಂದ ಕಡಿಮೆ ವೆಚ್ಚದ ವಿಧಾನವನ್ನು 2010ರಲ್ಲಿ ಪ್ರಕಟಿಸಿದರು.

7. ಎರಡು ನಿದರ್ಶನಗಳು

ಮೊದಲನೆಯದು ರೋಟರ್‌ಡ್ಯಾಮ್ ಬಂದರಿನಲ್ಲಿ ರೂಪುಗೊಂಡ ಹಡಗಿನ ಪ್ರೊಪೆಲರ್. ರ್‍ಯಾಮ್‌ಲ್ಯಾಬ್ ಎಂಬ ಕೇಂದ್ರ, ಡಾಮೆನ್ ಹಡಗುಕಟ್ಟೆ, ಪ್ರೊಮರಿನ್, ಆಟೋಡೆಸ್ಕ್ ಹಾಗೂ ಬ್ಯೂರೊ ವೆರಿತಾಸ್ ಇವುಗಳ ಸಹಯೋಗದಲ್ಲಿ 2017ರಲ್ಲಿ ಅದು ಸಿದ್ಧವಾಯಿತು. ನಿಕಲ್, ಅಲ್ಯುಮಿನಿಯಂ ಬೆರೆತ ಕಂಚಿನ ತಂತಿಯಿಂದ 298 ಪದರಗಳಲ್ಲಿ ಕಟ್ಟಿದ ಈ ಪ್ರೊಪೆಲರಿನ ವ್ಯಾಸ 1.35 ಮೀಟರ್, ತೂಕ ಸುಮಾರು 400 ಕಿಲೋಗ್ರಾಂ. ಹಡಗೊಂದಕ್ಕೆ ಜೋಡಿಸಿ ಪರೀಕ್ಷಿಸಿದ ಮೇಲೆ ಬ್ಯೂರೊ ವೆರಿತಾಸ್ ಅದಕ್ಕೆ ಮಾನ್ಯತೆ ನೀಡಿತು. ದೂರದ ಬಂದರಿನಲ್ಲಿ ಮುರಿದ ಭಾಗಕ್ಕಾಗಿ ಹಡಗು ವಾರಗಟ್ಟಲೆ ಕಾಯುವ ಬದಲು ಆ ಭಾಗವನ್ನು ಬಂದರಿನಲ್ಲಿಯೇ ಕಟ್ಟಿಕೊಡುವ ಆಲೋಚನೆ ಇದರ ಹಿಂದಿತ್ತು.

ಎರಡನೆಯದು ಆಮ್‌ಸ್ಟರ್‌ಡ್ಯಾಮ್ ನಗರದ ಕಾಲುಸೇತುವೆ. ಯೋರಿಸ್ ಲಾರ್ಮನ್ ವಿನ್ಯಾಸಗೊಳಿಸಿದ, ಎಂಎಕ್ಸ್3ಡಿ ಸಂಸ್ಥೆ ನಿರ್ಮಿಸಿದ ಈ ಸೇತುವೆಗೆ ಅರಪ್ ಸಂಸ್ಥೆ ರಚನಾ ಎಂಜಿನಿಯರಿಂಗ್ ಒದಗಿಸಿತು. ರೋಬಾಟ್‌ಗಳು ತಾವು ಕಟ್ಟಿದ ಭಾಗದ ಮೇಲೆಯೇ ಮುಂದೆ ಸಾಗುತ್ತಾ ಕಾಲುವೆಯ ಮೇಲೆ ಸೇತುವೆಯನ್ನು ಬೆಳೆಸಬೇಕೆಂಬ 2015ರ ಮೂಲ ಕಲ್ಪನೆಯನ್ನು ಕೈಬಿಟ್ಟು, ಕಾರ್ಯಾಗಾರದಲ್ಲಿಯೇ ತುಕ್ಕುಹಿಡಿಯದ ಉಕ್ಕಿನಿಂದ ಅದನ್ನು ಕಟ್ಟಲಾಯಿತು. ಆ ಕಾರ್ಯಾಗಾರ ಇದ್ದುದು ಎನ್‌ಡಿಎಸ್‌ಎಮ್ ಎಂಬ ಹಳೆಯ ಹಡಗುಕಟ್ಟೆಯ ಆವರಣದಲ್ಲಿ. ಒಂದು ಕಾಲಕ್ಕೆ ಮನುಷ್ಯರು ಹಡಗುಗಳನ್ನು ಬೆಸೆದ ನೆಲದಲ್ಲಿ ರೋಬಾಟ್‌ಗಳು ಸೇತುವೆಯನ್ನು ಬೆಸೆದವು. ಸುಮಾರು 12 ಮೀಟರ್ ಉದ್ದದ, ಸುಮಾರು 4,500 ಕಿಲೋಗ್ರಾಂ ತೂಕದ ಸೇತುವೆಯ ಮುಖ್ಯ ರಚನೆ 2018ರಲ್ಲಿ ಮುಗಿಯಿತು, ಸಾರ್ವಜನಿಕರಿಗೆ ತೆರೆದದ್ದು 2021ರ ಜುಲೈ 15ರಂದು. ನಡುವಿನ ವರ್ಷಗಳ ದೊಡ್ಡ ಭಾಗ ಪರೀಕ್ಷೆಗಳಿಗೆ ಸಂದಿತು. ಬೆಸುಗೆಯಿಂದಲೇ ಆದ ಸೇತುವೆಗೆ ಅನ್ವಯಿಸುವ ನಿಯಮಸಂಹಿತೆ ಇರಲಿಲ್ಲವಾದುದರಿಂದ, ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಸಂಶೋಧಕರು ಲೋಹದ ತುಣುಕುಗಳಿಂದ ಮೊದಲ್ಗೊಂಡು ಇಡೀ ಸೇತುವೆಯವರೆಗೆ ಭಾರ ಹೇರಿ ಪರೀಕ್ಷಿಸಿದರು. ಸೇತುವೆಯ ನಡವಳಿಕೆಯನ್ನು ದಾಖಲಿಸಲು ಸಂವೇದಕಗಳನ್ನೂ ಅಳವಡಿಸಲಾಯಿತು.

ಉದ್ಘಾಟನೆಯ ದಿನ ರಾಣಿ ಮ್ಯಾಕ್ಸಿಮಾ ಗುಂಡಿಯೊಂದನ್ನು ಒತ್ತಿದಾಗ ಪುಟ್ಟ ರೋಬಾಟ್ ತೋಳು ಪಟ್ಟಿಯನ್ನು ಕತ್ತರಿಸಿತು. ಆಚರಣೆಯ ದೃಷ್ಟಿಯಿಂದ ಇದು ಅರ್ಥಪೂರ್ಣ. ದೆಹಲಿಯ ಸ್ತಂಭದಲ್ಲಿ ಅರಸನ ಹೆಸರಷ್ಟೇ ಇತ್ತು. ಇಲ್ಲಿ ಅರಸಿಯ ಸನ್ನಿಧಿಯಲ್ಲಿ ಕೆಲಸ ಮಾಡಿದ ತೋಳಿಗೂ ಒಂದು ಪಾತ್ರ ದೊರೆಯಿತು. ಆದರೆ ಆ ತೋಳು ಯಾರ ಕೈಯಿಂದ ಕಲಿತಿತ್ತು ಎಂಬುದಕ್ಕೆ ಆಚರಣೆಯಲ್ಲಿ ಎಡೆಯಿರಲಿಲ್ಲ.

ಈ ತಂತ್ರದ ಹರವು ಅನಂತರ ಇನ್ನೂ ಹೆಚ್ಚಿತು. ಅಮೆರಿಕದ ರಿಲೆಟಿವಿಟಿ ಸ್ಪೇಸ್ ಸಂಸ್ಥೆ ಬಹುಪಾಲು ಪದರನಿರ್ಮಿತ ಭಾಗಗಳಿಂದಲೇ ಕಟ್ಟಿದ 'ಟೆರಾನ್ 1' ರಾಕೆಟ್ 2023ರ ಮಾರ್ಚ್‌ನಲ್ಲಿ ಹಾರಿತು. ಎರಡನೆಯ ಹಂತದ ವೈಫಲ್ಯದಿಂದ ಅದು ಕಕ್ಷೆಯನ್ನು ಸೇರಲಿಲ್ಲ. ಆದರೆ ಮೇಲೇರುವಾಗ ಅತ್ಯಧಿಕ ಒತ್ತಡ ಬೀಳುವ ಘಟ್ಟವನ್ನು ಅದರ ಮೈ ತಾಳಿಕೊಂಡಿತು.

8. ಕೈಯ ತಿಳಿವಿನ ಪ್ರಶ್ನೆ

ನುರಿತ ಬೆಸುಗೆಗಾರನು ಚಾಪದ ಸದ್ದನ್ನು ಕೇಳಿ ಅದರ ಉದ್ದ ಹೆಚ್ಚಾಯಿತೇ ಕಡಿಮೆಯಾಯಿತೇ ಎಂಬುದನ್ನು ಅರಿಯುತ್ತಾನೆ. ಕಪ್ಪು ಗಾಜಿನ ಹಿಂದಿನಿಂದ ಕರಗಿದ ಲೋಹದ ಕೆರೆಯ ಅಂಚನ್ನು ನೋಡಿ ಕೈಯ ವೇಗವನ್ನು ತಿದ್ದಿಕೊಳ್ಳುತ್ತಾನೆ. ಯಾವ ಮೂಲೆಯಲ್ಲಿ ಮೊದಲು ಟ್ಯಾಕ್ ಹಾಕಿದರೆ ಚೌಕಟ್ಟು ಬಾಗದು ಎಂಬುದು ಅವನಿಗೆ ಗೊತ್ತು. ಅದನ್ನು ವಿವರಿಸಿ ಬರೆಯಲು ಅವನಿಗೆ ಸಾಧ್ಯವಾಗದಿರಬಹುದು. ಮೈಕೇಲ್ ಪೊಲಾನ್ಯಿ 1966ರ ತನ್ನ ಗ್ರಂಥದಲ್ಲಿ ಚರ್ಚಿಸಿದ ಮೌನಜ್ಞಾನ ಇದೇ ಬಗೆಯದು. ಜಾನಪದ ವಿದ್ವಾಂಸರು ಕುಂಬಾರಿಕೆ, ನೇಯ್ಗೆ, ಕಮ್ಮಾರಿಕೆಗಳಲ್ಲಿ ಇಂಥ ಜ್ಞಾನವನ್ನು ಗುರುತಿಸಿ ದಾಖಲಿಸಿದ್ದಾರೆ. ವೆಲ್ಡಿಂಗ್ ಮಾತ್ರ ಆಧುನಿಕವೆಂಬ ಕಾರಣಕ್ಕೆ ಅವರ ಕಕ್ಷೆಯಿಂದ ಬಹುಮಟ್ಟಿಗೆ ಹೊರಗುಳಿದಿದೆ.

ಈ ವಿಂಗಡಣೆ ವಾಸ್ತವಕ್ಕೆ ಹೊಂದುವುದಿಲ್ಲ. ಕರ್ನಾಟಕದ ಅನೇಕ ಊರುಗಳಲ್ಲಿ ಕುಲುಮೆಯಿದ್ದ ಜಾಗದಲ್ಲಿ ವೆಲ್ಡಿಂಗ್ ಅಂಗಡಿ ಬಂದಿದೆ. ತಿದಿ ಹೋಗಿ ಟ್ರಾನ್ಸ್‌ಫಾರ್ಮರ್ ಬಂದಿದೆ, ಆದರೆ ರೈತ ತರುವ ಕೆಲಸದಲ್ಲಿ ಬದಲಾವಣೆ ಕಡಿಮೆ. ಸವೆದ ಗುಳಕ್ಕೆ ಕಬ್ಬಿಣದ ತುಂಡು ಸೇರಿಸಿ ಹಣಿಯುವುದು ಕಮ್ಮಾರನ ಕಸುಬಾಗಿತ್ತು. ಸವೆದ ಭಾಗದ ಮೇಲೆ ಸಾಲುಸಾಲಾಗಿ ಬೆಸುಗೆ ಹಾಕಿ, ಕಳೆದುಹೋದ ದಪ್ಪವನ್ನು ತುಂಬಿ, ಸಾಣೆ ಹಿಡಿದು ಕೊಡುವುದು ವೆಲ್ಡರನ ಕಸುಬಾಗಿದೆ. ಪದರದ ಮೇಲೆ ಪದರ ಕೂಡಿಸಿ ರೂಪವನ್ನು ಮರಳಿ ಪಡೆಯುವ ಈ ಕೆಲಸಕ್ಕೂ ಪ್ರಯೋಗಾಲಯದ ಪದರನಿರ್ಮಾಣಕ್ಕೂ ತತ್ತ್ವದಲ್ಲಿ ಭೇದವಿಲ್ಲ. ಕಾರ್ಖಾನೆಗಳಲ್ಲಿಯೂ ಸವೆದ ಯಂತ್ರಭಾಗಗಳನ್ನು ಬೆಸುಗೆಯಿಂದ ತುಂಬುವ ದುರಸ್ತಿಯ ಅನುಭವವೇ ಇಡೀ ಭಾಗವನ್ನು ಕಟ್ಟುವ ಧೈರ್ಯಕ್ಕೆ ತಳಹದಿಯಾಯಿತು. ಈ ಅರ್ಥದಲ್ಲಿ ದುರಸ್ತಿಯು ನಿರ್ಮಾಣದ ತಾಯಿ.

ಯಂತ್ರ ಬಂದುದರಿಂದ ಬೆಸುಗೆಗಾರನ ತಿಳಿವು ನಿರುಪಯುಕ್ತವಾಗುವುದೇ ಎಂಬ ಪ್ರಶ್ನೆಗೆ ಚರಿತ್ರೆ ನೇರವಾದ ಉತ್ತರ ಕೊಡುವುದಿಲ್ಲ. ರೋಬಾಟ್ ದಣಿಯುವುದಿಲ್ಲ, ಸಾವಿರ ಪದರಗಳನ್ನು ಒಂದೇ ಸಮನಾಗಿ ಇಡುತ್ತದೆ. ಹೊಗೆ ಮತ್ತು ಕಣ್ಣು ಕುಕ್ಕುವ ಬೆಳಕಿನಿಂದ ಮನುಷ್ಯನನ್ನು ದೂರವಿಡುತ್ತದೆ. ಇದು ಸಣ್ಣ ಲಾಭವಲ್ಲ. ಆದರೆ ಎಷ್ಟು ಕಾಯಬೇಕು, ಗೆರೆಯನ್ನು ಎಲ್ಲಿ ಆರಂಭಿಸಬೇಕು, ಮೂಲೆಯಲ್ಲಿ ವೇಗವನ್ನು ಎಷ್ಟು ತಗ್ಗಿಸಬೇಕು ಎಂಬ ಪ್ರಶ್ನೆಗಳು ಬೆಸುಗೆಯ ಅನುಭವದಿಂದಲೇ ಹುಟ್ಟಿದವು. ಚಾಪದ ಸದ್ದನ್ನೂ ಕರಗಿದ ಕೆರೆಯ ಚಿತ್ರವನ್ನೂ ಗ್ರಹಿಸಿ ದೋಷವನ್ನು ಪತ್ತೆಹಚ್ಚುವ ಉಪಕರಣಗಳನ್ನು ಸಂಶೋಧಕರು ರೂಪಿಸುತ್ತಿರುವುದು, ಬೆಸುಗೆಗಾರನ ಕಿವಿ ಮತ್ತು ಕಣ್ಣು ಮಾಡುತ್ತಿದ್ದ ಕೆಲಸವನ್ನು ಯಂತ್ರಕ್ಕೆ ಕಲಿಸುವ ಯತ್ನವೇ ಆಗಿದೆ. ಅಂದರೆ ತಿಳಿವು ನಾಶವಾಗುತ್ತಿಲ್ಲ, ಒಡೆತನ ಬದಲಾಗುತ್ತಿದೆ. ತಂದೆಯಿಂದ ಮಗನಿಗೆ, ಮೇಸ್ತ್ರಿಯಿಂದ ಹುಡುಗನಿಗೆ ಹರಿಯುತ್ತಿದ್ದುದು ಸಂಸ್ಥೆಯ ಗಣಕದಲ್ಲಿ ಅಂಕಿಗಳಾಗಿ ನೆಲೆಸುತ್ತಿದೆ.

9. ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಒಂದು, ರೋಬಾಟ್ ಬೆಸುಗೆಯ ಪದರನಿರ್ಮಾಣ ಹಠಾತ್ತಾಗಿ ಹುಟ್ಟಿದ ಶೋಧವಲ್ಲ. 1888ರ ಲೋಹದ ಕಡ್ಡಿ, 1893ರ ಲೋಟ, 1920ರ ಪೇಟೆಂಟ್ ಅರ್ಜಿ, 1948ರ ತಂತಿ, 1974ರ ತೋಳು, ಇವೆಲ್ಲ ಸೇರಿ ಆದ ಬೆಸುಗೆ ಅದು. ಎರಡು, ಬಡಿಯುವುದು, ಎರೆಯುವುದು, ಕೊರೆಯುವುದು, ಬೆಸೆಯುವುದು ಎಂಬ ಹಳೆಯ ವಿಂಗಡಣೆ ಇಲ್ಲಿ ನಿಲ್ಲುವುದಿಲ್ಲ. ಸ್ಲಾವ್ಯಾನೋವ್ ಬೆಸುಗೆಯನ್ನು ಎರಕವೆಂದನು, ಕ್ರಾನ್‌ಫೀಲ್ಡ್‌ನ ಉರುಳೆ ಅದಕ್ಕೆ ಬಡಿತವನ್ನು ಕೂಡಿಸಿತು, ಮಿಲ್ಲಿಂಗ್ ಯಂತ್ರ ಕೊರೆತವನ್ನು ಕೂಡಿಸಿತು. ಮೂರು, ಈ ಚರಿತ್ರೆಯ ಪ್ರತಿ ಹಂತದಲ್ಲಿಯೂ ಅರಸರು, ದೇವತೆಗಳು, ಎಂಜಿನಿಯರರು, ಸಂಸ್ಥೆಗಳು ಹೆಸರಾಗಿ ಉಳಿದಿದ್ದು, ಕೈಗಳು ಹೆಸರಿಲ್ಲದೆ ಉಳಿದಿವೆ.

ಹಿಂದಿನ ಮರೆವನ್ನು ಸರಿಪಡಿಸಲಾಗದು. ಕೊಡಚಾದ್ರಿಯ ಕಂಬವನ್ನು ಬಡಿದವನ ಹೆಸರು ಇನ್ನು ದೊರೆಯಲಾರದು. ಆದರೆ ಬೆಸುಗೆಯ ತಿಳಿವು ಕೈಯಿಂದ ಯಂತ್ರಕ್ಕೆ ದಾಟುತ್ತಿರುವುದು ನಮ್ಮ ಕಾಲದಲ್ಲಿಯೇ. ಚಾಪದ ಸದ್ದಿಗೆ ವೆಲ್ಡಿಂಗ್ ಅಂಗಡಿಗಳಲ್ಲಿ ಯಾವ ಮಾತುಗಳಿವೆ, ಬಾಗುವ ಲೋಹವನ್ನು ಪಳಗಿಸಲು ಹಿರಿಯ ಕೆಲಸಗಾರರು ಕಿರಿಯರಿಗೆ ಏನು ಹೇಳಿಕೊಡುತ್ತಾರೆ, ಕುಲುಮೆಯ ಯಾವ ನಂಬಿಕೆಗಳು ಟ್ರಾನ್ಸ್‌ಫಾರ್ಮರಿನ ಪಕ್ಕಕ್ಕೆ ಬಂದು ನೆಲೆಸಿವೆ, ಆಯುಧಪೂಜೆಯ ದಿನ ಯಾವ ಉಪಕರಣಕ್ಕೆ ಮೊದಲ ಕುಂಕುಮ ಸಲ್ಲುತ್ತದೆ ಎಂಬುದನ್ನೆಲ್ಲ, ಹೇಳಿದವರ ಹೆಸರಿನೊಡನೆ ದಾಖಲಿಸಲು ಇನ್ನೂ ಅವಕಾಶವಿದೆ. ಈ ಕೆಲಸ ಲೋಹಶಾಸ್ತ್ರಜ್ಞರದಲ್ಲ, ಜಾನಪದ ಅಧ್ಯಯನದ್ದು.